ಚೀಲ ತುಂಬಲಿಲ್ಲ, ನೀರು ಎಲ್ಲಿಗೆ ಹೋಯಿತು?

ದೋಣಿಯೊಳಗೆ ನೀರು ಬಂದರೆ ಹೊರಗೆ ಚೆಲ್ಲಬೇಕು. ಗಂಗೊಳ್ಳಿಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಆಮೇಲೆ 31 ವರ್ಷ ಹಡಗುಗಳ ಎಂಜಿನ್ ರೂಮಿನಲ್ಲಿ ದುಡಿದೆ. ಅಲ್ಲಿಯೂ ಬೇಡದ ಕಡೆ ನೀರು ಕಂಡರೆ ಊಟದ ತಟ್ಟೆ ಬಿಟ್ಟು ಓಡುವುದೇ ಕೆಲಸ. ಈಗ ಡೊಂಬಿವಲಿಯಲ್ಲಿ ನಿವೃತ್ತ ಜೀವನ. ಹೀಗಿರುವಾಗ ಕಳೆದ ಬೇಸಿಗೆಯಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ನನ್ನ ಅಳಿಯ ತನ್ನದೇ ದೋಣಿಯೊಳಗೆ ಪಂಪ್ ಹಚ್ಚಿ ನೀರು ತುಂಬಿಸುವುದನ್ನು ಕಂಡಾಗ ನನಗೆ ಏನನ್ನಿಸಿರಬೇಡ! ಈ ತಿಂಗಳ ಅಂಕಣ ಆ ನೀರಿನ ಕತೆ. ಇದರಲ್ಲಿ ನಗುವುದಕ್ಕೂ ಸ್ವಲ್ಪ ಇದೆ, ನಾನು ತಲೆ ತಗ್ಗಿಸಬೇಕಾದ ಭಾಗವೂ ಇದೆ.

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗಿಬಂದ ಓದುಗರಿಗೆ ಅಲ್ಲಿನ ದಿನಚರಿ ಗೊತ್ತೇ ಇದೆ. ಕಾರು ಓಡಿಸಲು ಬಾರದು, ನಡೆದುಹೋಗಲು ಅಂಗಡಿಯಿಲ್ಲ, ಸೋಮವಾರದಿಂದ ಶುಕ್ರವಾರದವರೆಗೆ ಮನೆಯಲ್ಲಿ ನಾವಿಬ್ಬರು ಮತ್ತು ಪಾತ್ರೆ ತೊಳೆಯುವ ಮಷೀನು. ನನ್ನ ಹೆಂಡತಿಗೆ ಅಡುಗೆಮನೆ ಸಿಕ್ಕಿತು. ನನಗೆ ಏನೂ ಸಿಗಲಿಲ್ಲ. ಮಗಳ ಮನೆ ಇರುವುದು ಆಸ್ಟಿನ್ ನಗರದ ಹೊರವಲಯದಲ್ಲಿ. ಅಲ್ಲಿಗೆ ಹತ್ತಿರದಲ್ಲಿ ಲೇಕ್ ಟ್ರಾವಿಸ್ ಎಂಬ ದೊಡ್ಡ ಜಲಾಶಯವಿದೆ. ಟೆಕ್ಸಾಸಿನ ಕೊಲೊರಾಡೊ ನದಿಗೆ ಮ್ಯಾನ್ಸ್‌ಫೀಲ್ಡ್ ಅಣೆಕಟ್ಟು ಕಟ್ಟಿದ್ದರಿಂದ ಆದದ್ದು. ಅಳಿಯ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಸೇರಿ ಸೆಕೆಂಡ್ ಹ್ಯಾಂಡ್ ದೋಣಿಯೊಂದನ್ನು ಕೊಂಡಿದ್ದರು. 21 ಅಡಿ ಉದ್ದ. ಶನಿವಾರ ಬಂತೆಂದರೆ ಅದನ್ನು ಟ್ರೇಲರಿಗೆ ಕಟ್ಟಿಕೊಂಡು ಹೊರಡುವುದು. "ಮಾವ, ನೀವೂ ಬನ್ನಿ, ನಿಮಗೆ ನೀರು ಇಷ್ಟ ಅಲ್ವಾ" ಎಂದರು. ನೀರಿನ ಮೇಲೆ ಇಷ್ಟ ಇತ್ತೋ ಇಲ್ಲವೋ ಎಂದು 31 ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಹೊರಟೆ.

ಆಟದ ಹೆಸರು ವೇಕ್‌ಬೋರ್ಡಿಂಗ್. ಹಲಗೆಯೊಂದಕ್ಕೆ ಎರಡೂ ಪಾದ ಸಿಕ್ಕಿಸಿಕೊಂಡು, ದೋಣಿ ಎಳೆಯುವ ಹಗ್ಗ ಹಿಡಿದು, ದೋಣಿಯ ಹಿಂದೆ ಏಳುವ ಅಲೆಯನ್ನೇ ಏಣಿ ಮಾಡಿಕೊಂಡು ಗಾಳಿಗೆ ಹಾರುವುದು. ನನ್ನ 11 ವರ್ಷದ ಮೊಮ್ಮಗ ಇದರಲ್ಲಿ ಅಪ್ಪನನ್ನು ಮೀರಿಸಿದ್ದಾನೆ. ಹಾರಬೇಕಾದರೆ ಅಲೆ ದೊಡ್ಡದಿರಬೇಕು. ಅಲೆ ದೊಡ್ಡದಾಗಬೇಕಾದರೆ ದೋಣಿ ಹೆಚ್ಚು ನೀರನ್ನು ತಳ್ಳಬೇಕು. ಅದಕ್ಕೆ ದೋಣಿ ಭಾರವಾಗಿ ಕೆಳಗೆ ಕೂರಬೇಕು. ಹಾಗಾಗಿ ಹಿಂದಿನ ಎರಡು ಮೂಲೆಗಳಲ್ಲಿ, ಸೀಟಿನ ಕೆಳಗಿನ ಗೂಡುಗಳಲ್ಲಿ, ದಪ್ಪ ಪ್ಲಾಸ್ಟಿಕ್ಕಿನ ಚೀಲಗಳನ್ನು ಇಟ್ಟು ಕೆರೆಯ ನೀರನ್ನೇ ತುಂಬಿಸುತ್ತಾರೆ. ಮುಂದೆ ಇನ್ನೊಂದು ಸಣ್ಣ ಚೀಲ. ಇವಕ್ಕೆ ಬ್ಯಾಲಸ್ಟ್ ಬ್ಯಾಗ್ ಎಂದು ಹೆಸರು. ಹೆಸರು ಕೇಳಿದಾಗ ಕಿವಿ ನೆಟ್ಟಗಾಯಿತು. ಸರಕಿಲ್ಲದ ಹಡಗು ಸಮುದ್ರದಲ್ಲಿ ಹೊಯ್ದಾಡದಿರಲಿ ಎಂದು ತಳದ ಟ್ಯಾಂಕುಗಳಲ್ಲಿ ಸಾವಿರಾರು ಟನ್ ಸಮುದ್ರದ ನೀರು ತುಂಬಿಸುತ್ತೇವೆ. ಅದೇ ಬ್ಯಾಲಸ್ಟ್. ನಮ್ಮಜ್ಜನ ಕಾಲದ ಮಂಜಿಗಳಲ್ಲಿ ಇದೇ ಕೆಲಸವನ್ನು ಕಲ್ಲು, ಮರಳು ಮಾಡುತ್ತಿದ್ದವು. ಹೆಸರು ಒಂದೇ, ಕೆಲಸ ಮಾತ್ರ ತಿರುಗುಮುರುಗು. ಹಡಗಿನಲ್ಲಿ ಅದು ಅಲೆಯಿಂದ ಕಾಪಾಡಲು, ಇಲ್ಲಿ ಅಲೆ ಎಬ್ಬಿಸಲು.

ಲೆಕ್ಕ ಹಾಕಿ ನೋಡಿದೆ. ಹಿಂದಿನ ಚೀಲಗಳು ತಲಾ 750 ಪೌಂಡಿನವು, ಅಂದರೆ 340 ಕಿಲೊ. ಮುಂದಿನದು 400 ಪೌಂಡು, ಸುಮಾರು 180 ಕಿಲೊ. ಮೂರೂ ತುಂಬಿದರೆ 860 ಕಿಲೊ, ಅಂದರೆ 17 ಮೂಟೆ ಸಿಮೆಂಟು. ಅಥವಾ 12 ಜನ ಅದೃಶ್ಯ ಪ್ರಯಾಣಿಕರು. ಚುಕ್ಕಾಣಿಯ ಹತ್ತಿರ ಇಷ್ಟು ಜನ, ಇಷ್ಟು ತೂಕ ಎಂದು ಬರೆದ ತಗಡಿನ ಪಟ್ಟಿ ಇತ್ತು. ಜನ ಹೆಚ್ಚಿದ ದಿನ ನೀರು ಕಡಿಮೆ ಮಾಡಬೇಕು ಎಂಬುದನ್ನು ಅಳಿಯನಿಗೆ ಮೊದಲ ದಿನವೇ ಹೇಳಿದೆ. ಅವರು ತಲೆಯಾಡಿಸಿದರು. ಆದರೆ ನೀರನ್ನು ಪ್ರಯಾಣಿಕ ಎಂದು ಯಾರೂ ಮನಸ್ಸಿಗೆ ತಂದುಕೊಳ್ಳುವುದಿಲ್ಲ, ಅದು ಸೀಟಿನ ಕೆಳಗೆ ಮೌನವಾಗಿ ಮಲಗಿರುತ್ತದೆ.

ಏರ್ಪಾಡು ಸರಳ. ದೋಣಿಯ ತಳದಲ್ಲಿ ಒಂದು ತೂತು, ಅದಕ್ಕೊಂದು ವಾಲ್ವು, ಅದರ ಮೇಲೆ ಪಂಪು, ಪಂಪಿನಿಂದ ಚೀಲಕ್ಕೆ ಪೈಪು. ಚೀಲದ ನೆತ್ತಿಯಿಂದ ಇನ್ನೊಂದು ಸಣ್ಣ ಪೈಪು ಹೊರಟು ದೋಣಿಯ ಪಕ್ಕದಲ್ಲಿ ಬಾಯಿ ಬಿಡುತ್ತದೆ. ಒಳಗಿನ ಗಾಳಿ ಹೊರಹೋಗುವ ದಾರಿ ಅದು. ಅದರಿಂದ ನೀರು ಚಿಮ್ಮಿತೆಂದರೆ ಚೀಲ ತುಂಬಿತು ಎಂದರ್ಥ. ಖಾಲಿ ಮಾಡಲು ಬೇರೆ ಪಂಪು. ಇವರ ಪಂಪು ಗಂಟೆಗೆ 800 ಗ್ಯಾಲನ್ನಿನದು, ಸುಮಾರು 3,000 ಲೀಟರು. ಕಾಗದದ ಮೇಲೆ 340 ಲೀಟರಿನ ಚೀಲಕ್ಕೆ 7 ನಿಮಿಷ ಸಾಕು. ಪೈಪಿನ ಉದ್ದ, ಬಾಗು ಎಲ್ಲ ಸೇರಿ 10 ನಿಮಿಷ ಹಿಡಿಯುತ್ತಿತ್ತು.

ಮೊದಲ ಶನಿವಾರವೇ ಎಡಗಡೆಯ ಚೀಲ ಮುಷ್ಕರ ಹೂಡಿತು. ಪಂಪು ಗುಂಯ್ ಎನ್ನುತ್ತಿದೆ, ಚೀಲ ಮಾತ್ರ ಚಪಾತಿಯಂತೆ ಬಿದ್ದುಕೊಂಡಿದೆ. ಅಳಿಯ ಮತ್ತು ಗೆಳೆಯರು ಮೊಬೈಲು ತೆಗೆದು ಹುಡುಕತೊಡಗಿದರು. ಪಂಪು ಸುಟ್ಟಿದೆ, ಹೊಸದು ತರಿಸೋಣ ಎಂಬಲ್ಲಿಗೆ ಮಾತು ಬಂತು. ನಾನು ಪಂಪಿನ ಮೇಲೆ ಕೈಯಿಟ್ಟು ನೋಡಿದೆ. ಸದ್ದು ತೆಳುವಾಗಿತ್ತು, ನೀರು ಹೊತ್ತ ಪಂಪಿನ ಸದ್ದಲ್ಲ. ಮುಂಬಯಿಯ ಸೊಸೈಟಿಗಳಲ್ಲಿ ಇರುವವರಿಗೆ ಈ ಕಾಯಿಲೆ ಚಿರಪರಿಚಿತ. ಟ್ಯಾಂಕು ತೊಳೆದ ಮರುದಿನ ಮೇಲೆ ನೀರು ತುಂಬಿದ್ದರೂ ನಲ್ಲಿಯಲ್ಲಿ ಬರೀ ಫುಸ್ ಫುಸ್. ಪ್ಲಂಬರ್ ಬಂದು ಒಂದು ಜಾಯಿಂಟು ಸಡಿಲಿಸಿ "ಏರ್ ಲಾಕ್ ಹೈ ಸಾಬ್" ಎಂದು ಇನ್ನೂರು ರೂಪಾಯಿ ತೆಗೆದುಕೊಂಡು ಹೋಗುತ್ತಾನೆ. ಇದೂ ಅದೇ. ಆ ಜಾತಿಯ ಪಂಪಿಗೆ ತಾನಾಗಿ ಗಾಳಿಯನ್ನು ಎಳೆದು ಹೊರಹಾಕುವ ಶಕ್ತಿಯಿಲ್ಲ. ಅದು ನೀರಿನಲ್ಲಿ ಮುಳುಗಿದ್ದರೆ ಮಾತ್ರ ತಳ್ಳುತ್ತದೆ. ಟ್ರೇಲರಿನ ಮೇಲಿದ್ದಾಗ ಪೈಪಿನೊಳಗೆ ಸೇರಿಕೊಂಡ ಗಾಳಿ ಹಾಗೇ ಕುಳಿತಿತ್ತು.

ಪಂಪಿನಿಂದ ಹೊರಡುವ ಪೈಪಿನ ಕ್ಲಿಪ್ಪನ್ನು ಸಡಿಲಿಸಿ ಪೈಪನ್ನು ಸ್ವಲ್ಪ ಎಳೆದೆ. ಫುಸ್ ಎಂದು ಗಾಳಿ ಹೋಯಿತು, ಹಿಂದೆಯೇ ನೀರು ಬಂತು. ಪೈಪು ಒತ್ತಿ ಕ್ಲಿಪ್ಪು ಬಿಗಿದೆ. ಸ್ಕ್ರೂಡ್ರೈವರ್ ಕಾರಿನಲ್ಲೇ ಉಳಿದಿತ್ತು, ಜೇಬಿನ ನಾಣ್ಯದಲ್ಲಿ ತಿರುಗಿಸಿದೆ. ಚೀಲ ಉಬ್ಬತೊಡಗಿತು. ದೋಣಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. "ಮಾವ, ನೀವು ಇದ್ದದ್ದು ಒಳ್ಳೇದಾಯ್ತು" ಎಂದರು ಅಳಿಯ. ಎರಡು ತಿಂಗಳಲ್ಲಿ ಮೊದಲ ಬಾರಿ ನನಗೆ ಹೊಟ್ಟೆ ತುಂಬ ಊಟ ಸೇರಿತು. ಆ ನಾಣ್ಯವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಅಂದಿನಿಂದ ಚೀಲಗಳ ಖಾತೆ ನನ್ನದಾಯಿತು. ಯಾರಿಗಾದರೂ ಉಪಯೋಗಕ್ಕೆ ಬರಬಹುದು, ನಾನು ನೋಡುತ್ತಿದ್ದ ಕ್ರಮ ಹೇಳುತ್ತೇನೆ. ಪಂಪು ಸದ್ದೇ ಮಾಡದಿದ್ದರೆ ಮೊದಲು ಫ್ಯೂಸು, ಆಮೇಲೆ ವೈರಿನ ಜೋಡಣೆ, ಬ್ಯಾಟರಿ. ಚೀಲ ತುಂಬುವಾಗ ಎಂಜಿನ್ ಓಡುತ್ತಿರಬೇಕು, ಇಲ್ಲದಿದ್ದರೆ ಬ್ಯಾಟರಿ ಇಳಿದುಹೋಗುತ್ತದೆ. ಸದ್ದು ಇದೆ, ನೀರಿಲ್ಲ ಎಂದರೆ ವಾಲ್ವು ತೆರೆದಿದೆಯೇ, ತಳದ ತೂತಿಗೆ ಜೊಂಡು, ಎಲೆ ಅಡರಿದೆಯೇ, ಕೊನೆಗೆ ಗಾಳಿ. ರಬ್ಬರಿನ ರೆಕ್ಕೆಯ ಇನ್ನೊಂದು ಜಾತಿಯ ಪಂಪಿದೆ. ಅದು ಗಾಳಿಯನ್ನೂ ಎಳೆಯುತ್ತದೆ, ತಿರುಗಿಸಿ ಓಡಿಸಿದರೆ ಖಾಲಿಯನ್ನೂ ಮಾಡುತ್ತದೆ. ಆದರೆ ನೀರಿಲ್ಲದೆ ಓಡಿಸಿದರೆ ರೆಕ್ಕೆ ಕಾದು ಹರಿದುಹೋಗುತ್ತದೆ. ಚೀಲ ಅರ್ಧಕ್ಕೇ ನಿಂತರೆ ನೆತ್ತಿಯ ಗಾಳಿಪೈಪು ಮಡಚಿದೆಯೇ ನೋಡಿ. ಖಾಲಿಯಾಗುವಾಗ ಅರ್ಧಕ್ಕೆ ನಿಂತರೆ, ಚೀಲದ ಪ್ಲಾಸ್ಟಿಕ್ಕೇ ಹೋಗಿ ತೂತಿಗೆ ಅಂಟಿರುತ್ತದೆ. ಕೈಯಿಂದ ಎತ್ತಿ ಹಿಡಿದರೆ ಸಾಕು. ತುಂಬಿಸಿದ್ದು ತಾನಾಗಿ ಖಾಲಿಯಾಗುತ್ತಿದ್ದರೆ ಓಡುವ ದೋಣಿ ಅದನ್ನು ಹೊರಗೆ ಎಳೆಯುತ್ತಿದೆ ಎಂದರ್ಥ, ಅದಕ್ಕೆ ವಾಲ್ವು ಮುಚ್ಚಬೇಕು. ಅರ್ಧ ತುಂಬಿದ ಚೀಲ ಮಾತ್ರ ಬೇಡವೇ ಬೇಡ. ತಿರುವಿನಲ್ಲಿ ನೀರೆಲ್ಲ ಒಂದೇ ಬದಿಗೆ ಓಡುತ್ತದೆ. ಹಡಗಿನಲ್ಲೂ ಟ್ಯಾಂಕು ತುಂಬ ಇರಲಿ, ಇಲ್ಲವೇ ಖಾಲಿ ಇರಲಿ ಎನ್ನುತ್ತಾರೆ.

ಮೂರನೆಯ ಶನಿವಾರ. ದೋಣಿಯಲ್ಲಿ ನಾವು ಏಳು ಜನ. ಬಲಗಡೆಯ ಚೀಲ ತುಂಬಿತ್ತು, ಮುಂದಿನದೂ ತುಂಬಿತ್ತು. ಎಡಗಡೆಯ ಪಂಪು ಓಡುತ್ತಲೇ ಇತ್ತು. ನಾನು ಮುಂದಿನ ಸೀಟಿನಲ್ಲಿ ಕುಳಿತು ಬುತ್ತಿಯ ಡಬ್ಬ ಬಿಚ್ಚುತ್ತಿದ್ದೆ. 10 ನಿಮಿಷ ಆಯಿತು, 15 ಆಯಿತು. "ಇವತ್ತು ಯಾಕೋ ಸ್ಲೋ. ಇನ್ನೊಂದೈದು ನಿಮಿಷ ಬಿಡೋಣ" ಎಂದರು ಅಳಿಯ. ಆಗ ದೋಣಿಯ ಪಕ್ಕದಿಂದ ನೀರು ಸುರಿಯುತ್ತಿರುವುದು ನನ್ನ ಕಣ್ಣಿಗೆ ಬಿತ್ತು. ಚೀಲದ ಗಾಳಿಪೈಪಿನ ಬಾಯಿಯಿಂದಲ್ಲ, ಅದಕ್ಕಿಂತ ಹಿಂದೆ ಇದ್ದ ಇನ್ನೊಂದು ಬಾಯಿಯಿಂದ. ದೋಣಿಯ ತಳದಲ್ಲಿ, ಎಂಜಿನ್ನಿನ ಕೆಳಗೆ ಸೇರುವ ನೀರನ್ನು ತಾನಾಗಿ ಹೊರಹಾಕುವ ಬಿಲ್ಜ್ ಪಂಪಿನ ಬಾಯಿ ಅದು. ಅಂದರೆ ತಳದಲ್ಲಿ ನೀರಿದೆ. ಚೀಲಕ್ಕೆ ಹೋಗಬೇಕಾದ ನೀರು ದೋಣಿಯ ಹೊಟ್ಟೆಗೆ ಹೋಗುತ್ತಿದೆ.

ಗೊತ್ತಾಯಿತು. ಆದರೂ ಬಾಯಿ ತೆರೆಯಲಿಲ್ಲ. ಏಕೆ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಅಳಿಯನ ದೋಣಿ, ಅಳಿಯನ ಗೆಳೆಯರು, ಎಲ್ಲರೂ ಇಂಗ್ಲಿಷಿನಲ್ಲಿ ನಗುತ್ತಿದ್ದಾರೆ. ಮುದುಕ ಎಲ್ಲದರಲ್ಲೂ ತಪ್ಪು ಹುಡುಕುತ್ತಾನೆ ಎಂದಾಗಬಾರದು. ಇನ್ನೊಂದು ನಿಮಿಷ ನೋಡೋಣ, ಅವರಿಗೇ ಗೊತ್ತಾದೀತು ಎಂದುಕೊಂಡೆ. ಹಡಗಿನಲ್ಲಾಗಿದ್ದರೆ ಕ್ಯಾಪ್ಟನ್ ಎದುರಿಗಿದ್ದರೂ ಕೂಗುತ್ತಿದ್ದೆ. ಹಾಗೆ ಎರಡು ಮೂರು ನಿಮಿಷ ಹೋಯಿತು. ಮೊಮ್ಮಗ ಹಿಂದಿನ ಹಲಗೆಯ ಮೇಲೆ ಕುಳಿತು ಪಾದಕ್ಕೆ ಬೋರ್ಡು ಕಟ್ಟಿಕೊಳ್ಳುತ್ತಿದ್ದ. ಅಷ್ಟರಲ್ಲಿ ಬೇರೊಂದು ದೋಣಿ ಎಬ್ಬಿಸಿದ ಅಲೆ ಬಂತು. ಬೇರೆ ದಿನವಾಗಿದ್ದರೆ ನಮ್ಮ ದೋಣಿ ಅದನ್ನು ಹತ್ತಿ ಇಳಿಯುತ್ತಿತ್ತು. ಅಂದು ಏಳಲೇ ಇಲ್ಲ. ಅಲೆ ಹಿಂಬದಿಯನ್ನು ದಾಟಿ ಮೊಮ್ಮಗನ ಸೊಂಟದವರೆಗೆ ಬಂದು ಸೀಟಿನ ಮೇಲೆ ಹರಿಯಿತು.

"ಪಂಪ್ ಬಂದ್ ಮಾಡೋ! ವಾಲ್ವ್ ಮುಚ್ಚು! ಮಗೂನ ಒಳಗೆಳಿ!"

ಎಂಜಿನ್ ರೂಮಿನ ಸದ್ದನ್ನು ಮೀರಲೆಂದು ಬೆಳೆಸಿದ ಗಂಟಲು ಅದು. ಮದುವೆಯಾದ ದಿನದಿಂದ ಅಳಿಯನನ್ನು ನೀವು, ತಾವು ಎಂದೇ ಮಾತನಾಡಿಸಿದವನು ನಾನು. ಅವರು ಒಂದು ಕ್ಷಣ ನನ್ನ ಮುಖ ನೋಡಿ ಸ್ವಿಚ್ಚು ಆರಿಸಿದರು. ಸ್ವಿಚ್ಚು ಆರಿಸಿದರೆ ಸಾಲದು. ತಳದ ತೂತು ನೀರಿನ ಮಟ್ಟಕ್ಕಿಂತ ಕೆಳಗಿದೆ, ಪಂಪು ನಿಂತರೂ ಅದರ ಮೂಲಕವೇ ನೀರು ಒಳಗೆ ಬರುತ್ತಲೇ ಇರುತ್ತದೆ. ವಾಲ್ವಿನ ಹಿಡಿ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ನಾನೇ ಹೋಗಿ ಅಡ್ಡಕ್ಕೆ ತಿರುಗಿಸಿದೆ. ಮುಚ್ಚಳ ಎತ್ತಿ ನೋಡಿದರೆ ಎಂಜಿನ್ನಿನ ಅಡಿ ಕಾಣದಷ್ಟು ನೀರು. ಪಂಪಿನ ಪೈಪು ಕಳಚಿ ತೇಲುತ್ತಿತ್ತು. ಬಿಲ್ಜ್ ಪಂಪು ತನ್ನ ಕೈಲಾದಷ್ಟು ಹೊರಹಾಕುತ್ತಿತ್ತು, ಅದರ ಜಾಳಿಗೆಗೆ ಕಸ ಅರ್ಧ ಅಡರಿತ್ತು.

ಉಳಿದೆರಡು ಚೀಲಗಳನ್ನು ಖಾಲಿ ಮಾಡಲು ಹಚ್ಚಿದೆವು. ಹಿಂದೆ ಕುಳಿತವರನ್ನು ನಡುವಿಗೆ ಕರೆದು ಕೂರಿಸಿದೆ. ಮೊಮ್ಮಗ ಲೈಫ್ ಜಾಕೆಟ್ ತೊಟ್ಟೇ ಇದ್ದ, ದೊಡ್ಡವರಿಗೂ ತೊಡಿಸಿದೆವು. ಗಾಬರಿಯಲ್ಲಿ ಜೋರಾಗಿ ಓಡಿಸಿದರೆ ತಳದ ನೀರೆಲ್ಲ ಹಿಂದಕ್ಕೆ ನುಗ್ಗಿ ದೋಣಿ ಕೂತುಬಿಡುತ್ತದೆ. ಆದ್ದರಿಂದ ಬಕೆಟ್ಟಿನಲ್ಲಿ ಚೆಲ್ಲುತ್ತಾ ನಿಧಾನವಾಗಿ ದಡದತ್ತ ಬಂದೆವು. ಸುಮಾರು 20 ನಿಮಿಷ. ಯಾರೂ ಮಾತಾಡಲಿಲ್ಲ. ಬುತ್ತಿಯ ಚಿತ್ರಾನ್ನ ತೇಲಿಹೋಗಿತ್ತು.

ಸಂಜೆ ಮನೆಯ ಮುಂದೆ ಟ್ರೇಲರಿನ ಮೇಲೆ ದೋಣಿ ನಿಂತಿತ್ತು. ಟಾರ್ಚು ಹಿಡಿದು ಕಳಚಿದ ಪೈಪನ್ನು ನೋಡಿದೆ. ಪೈಪು ಹರಿದಿಲ್ಲ, ಕ್ಲಿಪ್ಪು ಮುರಿದಿಲ್ಲ. ಅದರ ಸ್ಕ್ರೂ ಸಡಿಲವಾಗಿತ್ತು. ನಾನು ನಾಣ್ಯದಲ್ಲಿ ತಿರುಗಿಸಿದ ಸ್ಕ್ರೂ. ದಡಕ್ಕೆ ಹೋದ ಮೇಲೆ ಸರಿಯಾಗಿ ಬಿಗಿಯೋಣ ಎಂದುಕೊಂಡಿದ್ದೆ, ಚಪ್ಪಾಳೆಯಲ್ಲಿ ಮರೆತೆ. ನಂತರದ ಶನಿವಾರ ಹೇಗೋ ತಡೆದಿತ್ತು, ಎಂಜಿನ್ನಿನ ನಡುಕಕ್ಕೆ ಮೂರನೆಯ ವಾರ ಬಿಟ್ಟಿತು. ಒಳಗೆ ಅಳಿಯ ಮಗಳಿಗೆ ಹೇಳುತ್ತಿದ್ದರು, "ಹಳೇ ದೋಣಿ ತಗೊಂಡಿದ್ದೇ ನನ್ನ ತಪ್ಪು, ಅಗ್ಗ ಅಂತ ಆಸೆಪಟ್ಟೆ." ನಾನು ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಕ್ಲಿಪ್ಪನ್ನು ಬಿಗಿದು ಟಾರ್ಚು ಆರಿಸಿದರೆ ಸಾಕಿತ್ತು. ದೋಣಿಯಲ್ಲಿ ಒಮ್ಮೆ ಸುಮ್ಮನಿದ್ದು ಮೊಮ್ಮಗನ ಸೊಂಟದವರೆಗೆ ನೀರು ಬಂದದ್ದನ್ನು ಕಂಡವನು ನಾನು. ಒಳಗೆ ಹೋಗಿ ಕ್ಲಿಪ್ಪನ್ನು ಮೇಜಿನ ಮೇಲಿಟ್ಟು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ನಾಣ್ಯದ ವಿಷಯ, ನೀರು ಸುರಿಯುವುದನ್ನು ಮೊದಲೇ ನೋಡಿದ ವಿಷಯ, ಎರಡನ್ನೂ.

ಅಳಿಯ ಬಹಳ ಹೊತ್ತು ಕ್ಲಿಪ್ಪನ್ನೇ ತಿರುಗಿಸುತ್ತಿದ್ದರು. "ನಾನೂ ಚೀಲ ಮುಟ್ಟಿ ನೋಡಲಿಲ್ಲ ಮಾವ. ಪಂಪ್ ಓಡ್ತಿದೆಯಲ್ಲ ಅಂದ್ಕೊಂಡೆ" ಎಂದರು. ಹಡಗಿನಲ್ಲಿ ನನಗೆ ಕಲಿಸಿದ ಮೊದಲ ಪಾಠವೇ ಅದು. ಪಂಪು ಓಡಿದರೆ ನೀರು ಟ್ಯಾಂಕಿಗೆ ಹೋಯಿತು ಎಂದಲ್ಲ. ಮೀಟರು ಏನೇ ಹೇಳಲಿ, ಪೈಪಿನೊಳಗೆ ಅಳತೆಯ ಟೇಪು ಇಳಿಬಿಟ್ಟು ಟ್ಯಾಂಕಿನಲ್ಲಿ ಎಷ್ಟಿದೆ ಎಂದು ನೋಡುತ್ತಿದ್ದೆವು. ಅದಕ್ಕೆ ಸೌಂಡಿಂಗ್ ತೆಗೆಯುವುದು ಎನ್ನುತ್ತಾರೆ. ಅದನ್ನು ಕಲಿತ ನಾನೇ ಚೀಲ ನೋಡದೆ ಡಬ್ಬ ಬಿಚ್ಚುತ್ತಾ ಕುಳಿತಿದ್ದೆ.

ಮರುದಿನ ಇಬ್ಬರೂ ಸೇರಿ ಪ್ರತಿ ಪೈಪಿಗೂ ಎರಡೆರಡು ಕ್ಲಿಪ್ಪು ಹಾಕಿದೆವು, ಬಿಲ್ಜ್ ಪಂಪಿನ ಜಾಳಿಗೆ ತೊಳೆದೆವು. ಸ್ಕ್ರೂಡ್ರೈವರಿಗೆ ದಾರ ಕಟ್ಟಿ ಚುಕ್ಕಾಣಿಯ ಹತ್ತಿರ ತೂಗುಹಾಕಿದೆವು.

ಚೀಲ ಬಿಚ್ಚಿದಾಗ ಪಂಪು ಪೂರ್ತಿ ಎಳೆದ ಮೇಲೂ ಒಳಗೆ ನಾಲ್ಕೈದು ಲೀಟರು ಉಳಿದಿತ್ತು. "ಇರಲಿ ಬಿಡಿ, ಮುಂದಿನ ವಾರ ಇನ್ನೊಂದು ಲೇಕಿಗೆ ಹೋಗ್ತೀವಿ, ಅಲ್ಲಿ ಹೋಗುತ್ತೆ" ಎಂದರು ಅವರ ಗೆಳೆಯ. ಈ ಬಾರಿ ನಾನು ಕಾಯಲಿಲ್ಲ. ಲೇಕ್ ಟ್ರಾವಿಸಿನಲ್ಲಿ 2017ರಿಂದ ಜೀಬ್ರಾ ಮಸಲ್ ಎಂಬ ಪಟ್ಟೆಪಟ್ಟೆಯ ಚಿಪ್ಪುಜೀವಿ ಇದೆ. ನೋಡಲು ನಮ್ಮ ಪಚ್ಚಿಲೆಯ ಮರಿಯಂತೆ, ಉಗುರಿನಷ್ಟು. ಅದರ ಮರಿಗಳು ಕಣ್ಣಿಗೇ ಕಾಣುವುದಿಲ್ಲ, ಉಳಿದ ನೀರಿನಲ್ಲಿ ದಿನಗಟ್ಟಲೆ ಬದುಕಿರುತ್ತವೆ. ಒಮ್ಮೆ ಬೇರೂರಿದರೆ ಪೈಪುಗಳನ್ನೆಲ್ಲ ಕಟ್ಟಿಹಾಕುತ್ತವೆ. 2019ರಲ್ಲಿ ಆಸ್ಟಿನ್ ನಗರದ ನಲ್ಲಿ ನೀರು ನಾರಿದ್ದು ಇವುಗಳಿಂದಲೇ. ಕೆರೆ ಬಿಡುವ ಮೊದಲು ದೋಣಿಯ ನೀರನ್ನೆಲ್ಲ ಖಾಲಿ ಮಾಡಬೇಕೆಂಬುದು 2014ರಿಂದ ಇಡೀ ಟೆಕ್ಸಾಸಿಗೆ ಕಾನೂನು.

ಇವು ಅಮೆರಿಕಕ್ಕೆ ಬಂದದ್ದು ಹೇಗೆ ಗೊತ್ತೇ? ಯುರೋಪಿನಿಂದ, ನಮ್ಮಂಥವರು ಹಡಗಿನಲ್ಲಿ ತುಂಬಿಸಿ ಖಾಲಿ ಮಾಡಿದ ಬ್ಯಾಲಸ್ಟ್ ನೀರಿನಲ್ಲಿ. ಅಲ್ಲಿನ ಮಹಾಸರೋವರಗಳ ಪ್ರದೇಶದಲ್ಲಿ 1988ರಲ್ಲಿ ಕಂಡುಬಂದವು. ನಮ್ಮಲ್ಲೂ ಅಮೆರಿಕ ಖಂಡದ ಒಂದು ಸಣ್ಣ ಮಸಲ್ 1967ರಲ್ಲಿ ವಿಶಾಖಪಟ್ಟಣ ಬಂದರಿನಲ್ಲಿ ಕಾಣಿಸಿತು, ಆಮೇಲೆ ಮುಂಬಯಿಗೂ ಬಂತು. ಹಡಗುಗಳ ಬ್ಯಾಲಸ್ಟ್ ನೀರಿಗೆ ಅಂತಾರಾಷ್ಟ್ರೀಯ ಒಪ್ಪಂದವಾದದ್ದು 2004ರಲ್ಲಿ, ಜಾರಿಗೆ ಬಂದದ್ದು 2017ರಲ್ಲಿ. ನನ್ನ ಕಾಲದಲ್ಲಿ ಬಂದರಿಗೆ ಬಂದೆವೋ, ಪಂಪು ಹಚ್ಚಿದೆವೋ, ಮುಗಿಯಿತು. ಆ ನೀರಿನಲ್ಲಿ ಏನಿತ್ತೆಂದು ಯಾರೂ ಕೇಳುತ್ತಿರಲಿಲ್ಲ. ಹಾಗಾಗಿ ಗೆಳೆಯನಿಗೆ ಬುದ್ಧಿ ಹೇಳುವ ಬದಲು ಚೀಲದ ಒಂದು ತುದಿ ಹಿಡಿದು ಚಾಪೆ ಸುತ್ತಿದಂತೆ ಸುತ್ತಿಕೊಂಡು ಬಂದೆ. ಉಳಿದ ನೀರು ಅಂಗಳದ ಹುಲ್ಲಿಗೆ ಹೋಯಿತು. ಒಳಗೆ ಬಿಸಿನೀರು ಹಾಕಿ ತೊಳೆದು, ಬಾಯಿ ತೆರೆದು ನೇತುಹಾಕಿದೆವು. ಮುಂದಿನ ವಾರದ ಪ್ರವಾಸ ರದ್ದಾಯಿತು.

ಡೊಂಬಿವಲಿಗೆ ಮರಳಿ ಎಂಟು ತಿಂಗಳಾಯಿತು. ಸೊಸೈಟಿಯ ಪಂಪಿನ ಉಸ್ತುವಾರಿ ಈಗ ನನ್ನದು. ಸ್ವಿಚ್ಚು ಹಾಕಿ ಕೆಳಗೇ ನಿಲ್ಲುವುದಿಲ್ಲ, ಮೊಣಕಾಲು ನೋಯಿಸಿಕೊಂಡು ತಾರಸಿಗೆ ಹತ್ತಿ ಟ್ಯಾಂಕಿನೊಳಗೆ ಇಣುಕಿಯೇ ಬರುತ್ತೇನೆ. ಕಳೆದ ವಾರ ಅಳಿಯ ಫೋನು ಮಾಡಿದ್ದರು. ದೋಣಿಯನ್ನು ಮತ್ತೆ ನೀರಿಗಿಳಿಸಿದ್ದಾರಂತೆ, ಚೀಲ ತುಂಬುವಾಗ ಅದರ ಮೇಲೆ ಕೈಯಿಟ್ಟು ನೋಡುವ ಕೆಲಸ ಮೊಮ್ಮಗನದಂತೆ. "ನೀವು ಹುಷಾರಾಗಿರಿ" ಎಂದೆ.

"ಮಾವ, ಆವತ್ತು 'ಮಾಡೋ' ಅಂದ್ರಲ್ಲ, ಹಾಗೇ ಹೇಳಿ. ಬೇಗ ಕೇಳಿಸುತ್ತೆ" ಎಂದು ನಕ್ಕರು.

ನನಗೆ ಇನ್ನೂ ನಾಲಿಗೆ ಏಳುವುದಿಲ್ಲ. ಆದರೆ ಮುಂದಿನ ಸಲ ಎರಡು ನಿಮಿಷ ಕಾಯುವುದಿಲ್ಲ.